ಮೂವತ್ತು ಮೀಟರ್ ದಾರಿ

ಕಳೆದ ಮಳೆಗಾಲದಲ್ಲಿ ನಾನು 30 ಮೀಟರ್ ಉದ್ದದ ಒಂದು ಗೆರೆಯನ್ನು ಎಳೆದೆ, ಆಮೇಲೆ ಅಳಿಸಿದೆ, ಆಮೇಲೆ ಬೇರೆ ರೀತಿಯಲ್ಲಿ ಎಳೆಯಲು ಒಪ್ಪಿಕೊಂಡೆ. ಗೆರೆ ಇರುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ. ನೆಲದ ಮೇಲೆ ಅದು ಮುಂಬೈ ಉಪನಗರದಲ್ಲಿ ನಾನಿರುವ ಕಡೆ, ಎರಡು ನಿಲ್ದಾಣಗಳ ನಡುವೆ, ನಾಲ್ಕು ರೈಲು ಹಳಿಗಳನ್ನು ಅಡ್ಡಲಾಗಿ ದಾಟುವ ಕಾಲುದಾರಿ. ಎರಡೂ ಬದಿಯ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಕಿಂಡಿ ಇದೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಜನ ದಾಟುತ್ತಲೇ ಇರುತ್ತಾರೆ. ದಾಟುವುದು ಕಾನೂನಿಗೆ ವಿರುದ್ಧ. ಇಂಥ ದಾರಿಯನ್ನು ನಕ್ಷೆಯಲ್ಲಿ ತೋರಿಸಬೇಕೇ, ಬೇಡವೇ? ಒಂದು ಭಾನುವಾರದಲ್ಲಿ ಮುಗಿಯುವ ಪ್ರಶ್ನೆ ಎಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು, ಈಗಲೂ ಪೂರ್ತಿ ಮುಗಿದಿಲ್ಲ.

ನಾನು ಈ ಕೆಲಸಕ್ಕೆ ಬಿದ್ದದ್ದು ಒಂದು ರೈಲ್ವೆ ಗೇಟಿನಿಂದ. ನಮ್ಮೂರು ಹುಬ್ಬಳ್ಳಿ–ಗದಗ ಮಾರ್ಗದ ಬದಿಯಲ್ಲಿದೆ. ಊರ ಹೊರಗಿನ ಗೇಟನ್ನು ಮುಚ್ಚಿ, ಅರ್ಧ ಕಿಲೋಮೀಟರ್ ಆಚೆ ಹಳಿಯ ಕೆಳಗಿನಿಂದ ಅಂಡರ್‌ಪಾಸ್ ಮಾಡಿದ್ದರು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯ ಹೊತ್ತಿಗೆ ತೆಗೆದದ್ದಾಗಿ ರೈಲ್ವೆ ಪ್ರಕಟಿಸಿತ್ತು. ಆ ಕಾಲದ ಬದಲಾವಣೆಗಳಲ್ಲಿ ನಮ್ಮೂರಿನದೂ ಒಂದು. ನೆಲ ಬದಲಾಗಿತ್ತು, ನಕ್ಷೆ ಬದಲಾಗಿರಲಿಲ್ಲ. ರಜೆಗೆ ಹೋದಾಗ ಬಾಡಿಗೆ ಕಾರಿನ ಚಾಲಕ ಫೋನು ಹೇಳಿದಂತೆ ಹೋಗಿ, ಬೇಲಿಯ ಮುಂದೆ ನಿಲ್ಲಿಸಿ, ನನ್ನ ಮುಖ ನೋಡಿದ. ಹಿಂದಿನ ಸೀಟಿನಲ್ಲಿ ಮಂಡಿನೋವಿನ ಅಪ್ಪ ಇದ್ದರು. ಅದೇ ರಾತ್ರಿ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಖಾತೆ ತೆರೆದು ಗೇಟನ್ನು ಅಳಿಸಿ, ಅಂಡರ್‌ಪಾಸ್ ಬರೆದೆ. ಹತ್ತು ನಿಮಿಷದ ಕೆಲಸ. ದೂರದ ಊರಲ್ಲಿ ಕೂತು ನಮ್ಮೂರಿಗೆ ಏನೋ ಮಾಡಿದೆ ಎಂಬ ಸಮಾಧಾನ ಮಾತ್ರ ಬಹಳ ದಿನ ಉಳಿಯಿತು.

ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದ ಯೋಜನೆ. ವಿಕಿಪೀಡಿಯಾದಲ್ಲಿ ಯಾರು ಬೇಕಾದರೂ ಬರೆಯುವಂತೆ ಇಲ್ಲಿ ಯಾರು ಬೇಕಾದರೂ ನಕ್ಷೆ ತಿದ್ದಬಹುದು. ಅದರ ದತ್ತಾಂಶವನ್ನು, ಮೂಲವನ್ನು ಹೆಸರಿಸಿ, ಯಾರು ಬೇಕಾದರೂ ಬಳಸಬಹುದು. ರಸ್ತೆ ಎಂದರೆ ಬಿಂದುಗಳನ್ನು ಸೇರಿಸಿದ ಒಂದು ಗೆರೆ. ಅದಕ್ಕೆ ಅಂಟಿಸಿದ ಚೀಟಿಗಳಲ್ಲಿ ಹೆಸರು, ಅಗಲ, ಡಾಂಬರೋ ಮಣ್ಣೋ, ಏಕಮುಖವೋ ಎಂಬ ವಿವರ. ರೈಲು ಹಳಿಗೂ ಹಾಗೆಯೇ: ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಮೇಲೆ ವಿದ್ಯುತ್ ತಂತಿ ಇದೆ, ಇಲ್ಲಿ ಗೇಟಿದೆ, ಇಲ್ಲಿ ಸೇತುವೆ. ಬೇರೆ ಕಂಪನಿಯ ನಕ್ಷೆಯಿಂದ ನಕಲು ಮಾಡುವಂತಿಲ್ಲ. ಕಣ್ಣಾರೆ ಕಂಡದ್ದು, ಅಥವಾ ಬಳಸಲು ಅನುಮತಿಯಿರುವ ಉಪಗ್ರಹ ಚಿತ್ರದಲ್ಲಿ ಕಾಣುವುದು, ಅಷ್ಟೇ.

ಇದರಲ್ಲಿ ಎಲ್ಲಕ್ಕಿಂತ ಮೇಲಿನ ನಿಯಮ ಒಂದಿದೆ: ನೆಲದ ಮೇಲೆ ಏನಿದೆಯೋ ಅದನ್ನು ಬರೆ. ಕಡತದಲ್ಲಿ ಇರುವುದನ್ನಲ್ಲ, ಇರಬೇಕಾದ್ದನ್ನೂ ಅಲ್ಲ. ಇನ್ನೊಬ್ಬ ಅಲ್ಲಿಗೆ ಹೋಗಿ ನೋಡಿದರೆ ಅವನಿಗೂ ಅದೇ ಕಾಣಬೇಕು. ಈ ನಿಯಮ ನನಗೆ ಬಹಳ ಹಿಡಿಸಿತ್ತು. ಆಫೀಸಿನಲ್ಲಿ ದಿನವಿಡೀ ಆಗದ ಕೆಲಸವನ್ನು ಆಯಿತು ಎಂದು ಬರೆಯುವ ವರದಿಗಳ ನಡುವೆ ಬದುಕುವ ನನಗೆ, ಇದ್ದದ್ದನ್ನು ಇದ್ದಂತೆ ಬರೆಯುವ ಒಂದು ಜಾಗ ಸಿಕ್ಕಿತ್ತು. ಮೊದಲ ಸಲ ಕಾಲುದಾರಿಯ ಗೆರೆ ಎಳೆದಾಗ ಆ ನಿಯಮವನ್ನೇ ಪಾಲಿಸಿದೆ. ದಾರಿ ಇತ್ತು. ನಾನು ನೋಡಿದ್ದೆ. ಎರಡೂ ತುದಿಗಳನ್ನು ಎರಡು ಬದಿಯ ಗಲ್ಲಿಗಳಿಗೆ ಸೇರಿಸಿದೆ. ಗೆರೆಯ ಎರಡು ತುದಿಯೂ ರಸ್ತೆಗೆ ಸೇರಿದರೆ ದಾರಿ ಹುಡುಕುವ ತಂತ್ರಾಂಶಕ್ಕೆ ಅದು ಹೋಗಬಹುದಾದ ದಾರಿ ಎಂದಾಗುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಐದಾರು ವಾರಗಳ ನಂತರ ಒಂದು ಸಂಜೆ ಗೋಡೆಯ ಕಿಂಡಿಯ ಬಳಿ ಒಬ್ಬ ಹುಡುಗ ನಿಂತಿದ್ದ. ಬೆನ್ನಿಗೆ ಚೀಲ, ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಫೋನು. ಆಚೆ ಬದಿಯ ಪಿ.ಜಿ.ಗೆ ಅವತ್ತಷ್ಟೇ ಬಂದವನಂತೆ. ‘ಮ್ಯಾಪ್ ಇಧರ್ ಸೇ ದಿಖಾ ರಹಾ ಹೈ’ ಎಂದ. ಪರದೆಯ ಮೇಲೆ ನೀಲಿ ಚುಕ್ಕೆಗಳ ಸಾಲು ಹಳಿಯನ್ನು ದಾಟಿ ಹೋಗುತ್ತಿತ್ತು. ಗೆರೆಯ ಸೊಟ್ಟ ನೋಡಿದ ಕೂಡಲೇ ಗುರುತು ಸಿಕ್ಕಿತು, ಅದು ನನ್ನದು. ಅವನನ್ನು ಕರೆದುಕೊಂಡು ಪಾದಚಾರಿ ಸೇತುವೆಯವರೆಗೆ ಹೋದೆ. ಹನ್ನೆರಡು ನಿಮಿಷದ ದಾರಿ. ಅವನಿಗೆ ನಾನೊಬ್ಬಳು ಉಪಕಾರಿ ಆಂಟಿಯಾಗಿ ಕಂಡಿರಬೇಕು, ‘ಥ್ಯಾಂಕ್ಯೂ’ ಎಂದು ಎರಡು ಸಲ ಹೇಳಿದ. ಮನೆಗೆ ಬಂದವಳೇ ಗೆರೆ ಅಳಿಸಿದೆ.

ಅಳಿಸಿದರೂ ಅದು ಅಳಿಯುವುದಿಲ್ಲ ಎಂಬುದು ಆ ರಾತ್ರಿ ಹೊಳೆಯಿತು. ಮೂಲ ನಕ್ಷೆಯಲ್ಲಿ ಕ್ಷಣದಲ್ಲಿ ಹೋಗುತ್ತದೆ. ಆದರೆ ಅದರ ಪ್ರತಿಗಳನ್ನು ಬೇರೆ ಬೇರೆ ಆ್ಯಪ್‌ಗಳು ಒಯ್ದಿರುತ್ತವೆ. ಇಂಟರ್‌ನೆಟ್ ಇಲ್ಲದಾಗಲೂ ಬೇಕೆಂದು ಜನ ಫೋನಿಗೆ ಇಳಿಸಿಕೊಂಡ ನಕ್ಷೆಗಳು ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಬಾಯಿಂದ ಹೊರಟ ಮಾತಿನ ಹಾಗೆ, ಅದು ಯಾರ ಕಿವಿಗೆ ಬಿದ್ದಿದೆ ಎಂದು ತಿಳಿಯುವ ದಾರಿಯೇ ಇಲ್ಲ.

ಎರಡು ದಿನದಲ್ಲಿ ನನ್ನ ತಿದ್ದುಪಡಿಯ ಕೆಳಗೆ ಇನ್ನೊಬ್ಬ ಸ್ವಯಂಸೇವಕರ ಪ್ರಶ್ನೆ ಬಂತು. ಅವರು ನಮ್ಮ ಭಾಗದಲ್ಲಿ ನನಗಿಂತ ಹತ್ತು ಪಟ್ಟು ಕೆಲಸ ಮಾಡಿದವರು. ದಾರಿ ಮುಚ್ಚಿದೆಯೇ ಎಂದು ಕೇಳಿದರು. ಇಲ್ಲ, ಅಪಾಯ ಅಂತ ತೆಗೆದೆ ಎಂದೆ. ಅವರು ಸಭ್ಯವಾಗಿ, ಆದರೆ ಬಿಡದೆ ವಾದಿಸಿದರು. ಅಪಾಯವೆಂದು ತೆಗೆಯುತ್ತಾ ಹೋದರೆ ನಕ್ಷೆ ನಮ್ಮ ಆಸೆಗಳ ಪಟ್ಟಿಯಾಗುತ್ತದೆ, ಇಂದು ಅಪಾಯವೆಂದು ಇದನ್ನು ತೆಗೆದವರು ನಾಳೆ ಅಸಹ್ಯವೆಂದು ಜೋಪಡಿಪಟ್ಟಿಯ ಗಲ್ಲಿಗಳನ್ನೂ ತೆಗೆಯಬಹುದು ಎಂದರು. ಅಲ್ಲಿ ಯಾರಿಗಾದರೂ ಪೆಟ್ಟಾದರೆ ಸಹಾಯಕ್ಕೆ ಬರುವವರಿಗೆ ಕಿಂಡಿ ಎಲ್ಲಿದೆ ಎಂದು ತಿಳಿಯಬೇಡವೇ? ಜನ ಎಲ್ಲಿ ದಾಟುತ್ತಾರೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲದಿದ್ದರೆ, ಸೇತುವೆ ಎಲ್ಲಿ ಬೇಕು ಎಂದು ಯಾವ ಆಧಾರದ ಮೇಲೆ ಕೇಳುವುದು? ಇವು ಅವರ ಪ್ರಶ್ನೆಗಳು.

ಅವರ ಮಾತಿನಲ್ಲಿ ತೂಕವಿತ್ತು. ನಕ್ಷೆಯಲ್ಲಿ ಇಲ್ಲದಿರುವುದೂ ಜೀವಕ್ಕೆ ಎರವಾಗುತ್ತದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್-ಓ-ಪ್ರಿನ್ಸಿನ ಬಳಸಲು ಯೋಗ್ಯವಾದ, ಮುಕ್ತವಾದ ಬೀದಿ ನಕ್ಷೆ ಇರಲಿಲ್ಲ. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕೂತ ನೂರಾರು ಜನ ಉಪಗ್ರಹ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ಬೀದಿಗಳನ್ನೂ ನಿರಾಶ್ರಿತರ ಶಿಬಿರಗಳನ್ನೂ ಬರೆದರು. ರಕ್ಷಣಾ ತಂಡಗಳು ಅದನ್ನು ಬಳಸಿದವು. ಅಲ್ಲಿ ಪ್ರತಿ ಗೆರೆಯೂ ಒಂದು ಉಪಕಾರವಾಗಿತ್ತು.

ನಮ್ಮ ಹಳಿಗಳ ವಿಷಯದಲ್ಲೂ ಮರೆಮಾಚಿದ್ದರಿಂದ ಯಾರಿಗೂ ಒಳ್ಳೆಯದಾಗಿಲ್ಲ. ವಿಜ್ಞಾನಿ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ರೈಲ್ವೆ ಸುರಕ್ಷತಾ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಹಳಿ ದಾಟುವಾಗ ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆ, ಅವರಲ್ಲಿ ಸುಮಾರು 6,000 ಮಂದಿ ಮುಂಬೈ ಉಪನಗರ ಮಾರ್ಗಗಳಲ್ಲೇ ಎಂದು ಅದರಲ್ಲಿತ್ತು. ಅಕ್ರಮ ಪ್ರವೇಶ ಎಂಬ ಕಾರಣ ಕೊಟ್ಟು ಈ ಸಾವುಗಳನ್ನು ರೈಲು ಅಪಘಾತದ ಲೆಕ್ಕಕ್ಕೆ ಸೇರಿಸುವುದಿಲ್ಲ, ಆದರೆ ನಾಗರಿಕ ಸಮಾಜ ಇದನ್ನು ಒಪ್ಪಲಾಗದು ಎಂಬುದು ಸಮಿತಿಯ ನಿಲುವು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಹಳಿಯ ಮೇಲೆ ಹೋದವರಿಗೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ. ಕಾನೂನಿನ ಕಣ್ಣಿಗೆ ಅಲ್ಲಿ ದಾರಿಯಿಲ್ಲ, ಅಪರಾಧಿಗಳು ಮಾತ್ರ ಇದ್ದಾರೆ. ನಾನು ಗೆರೆ ಅಳಿಸಿದಾಗ ನನ್ನ ನಕ್ಷೆಯೂ ಅದನ್ನೇ ಹೇಳತೊಡಗಿತು.

ಹಾಗಾದರೆ ಗೆರೆ ಎಳೆದದ್ದು ಸರಿಯೇ? ಆ ಹುಡುಗನ ಮುಖ ನೆನಪಾದರೆ ಹೌದು ಎನ್ನಲು ಬಾಯಿ ಬರಲಿಲ್ಲ.

ನಾವೆಲ್ಲ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು. ಸತ್ಯಕ್ಕೆ ನಿಂತರೆ ಹುಲಿಯೂ ಕರಗುತ್ತದೆ ಎಂದು ನಂಬಿದವರು. ಆದರೆ ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಇನ್ನೊಂದು ಕಥೆ ಇದೆ, ಕೌಶಿಕ ಎಂಬ ತಪಸ್ವಿಯದು. ಸದಾ ಸತ್ಯವನ್ನೇ ನುಡಿಯುತ್ತೇನೆ ಎಂದು ವ್ರತ ಹಿಡಿದವನು ಅವನು. ದರೋಡೆಕೋರರಿಗೆ ಹೆದರಿದ ಕೆಲವರು ಅವನ ಬಳಿಯ ಕಾಡಿಗೆ ಓಡಿ ಅಡಗುತ್ತಾರೆ. ಹಿಂದೆಯೇ ಬಂದ ಕಳ್ಳರು ಯಾವ ದಾರಿಯಲ್ಲಿ ಹೋದರು ಎಂದು ಕೇಳಿದಾಗ ಕೌಶಿಕ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಅವರು ಕೊಲೆಯಾಗುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಎರಡೂ ಕಥೆಗಳಲ್ಲಿ ಸತ್ಯಕ್ಕೆ ಪಣವಾಗಿರುವುದು ಜೀವವೇ. ಪುಣ್ಯಕೋಟಿ ಒತ್ತೆಯಿಟ್ಟದ್ದು ತನ್ನ ಜೀವವನ್ನು. ಕೌಶಿಕ ಒತ್ತೆಯಿಟ್ಟದ್ದು ಬೇರೆಯವರದನ್ನು. ಮನೆಯಲ್ಲಿ ಕೂತು ಪರದೆಯ ಮೇಲೆ ದಾರಿ ತೋರಿಸುವ ನಾನು ಎರಡನೆಯವನ ಸಾಲಿನಲ್ಲಿದ್ದೇನೆ. ಅವನಿಗಾದರೂ ಕೇಳುವವರು ಕಣ್ಣೆದುರಿಗಿದ್ದರು. ನನಗೆ ಯಾರು ಕೇಳುತ್ತಿದ್ದಾರೆ ಎಂಬುದೇ ಕಾಣುವುದಿಲ್ಲ: ಇಲ್ಲೇ ಹುಟ್ಟಿದವರೋ, ಇವತ್ತು ಬಂದಿಳಿದವರೋ, ಕಿವಿಗೆ ಇಯರ್‌ಫೋನು ಹಾಕಿಕೊಂಡವರೋ.

ನನಗೆ ದಾರಿ ತೋರಿಸಿದ್ದು ಕೊನೆಗೆ ಆ ದಾರಿಯಲ್ಲೇ ನಡೆಯುವವರು. ನಮ್ಮ ಕಟ್ಟಡದ ನಾಲ್ಕೈದು ಮನೆಗಳಲ್ಲಿ ಕೆಲಸ ಮಾಡುವ ಮಾವಶಿ ವಿಜಯಪುರ ಕಡೆಯವರು. ಮೂವತ್ತು ವರ್ಷದ ಹಿಂದೆ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಹಳಿಯ ಆಚೆ ಬದಿಗೆ ನೆಲೆ ನಿಂತವರು. ದಿನಕ್ಕೆ ನಾಲ್ಕು ಸಲ ದಾಟುತ್ತಾರೆ. ಒಂದು ಬೆಳಿಗ್ಗೆ ಚಹಾ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ನಕ್ಷೆ ತೋರಿಸಿ, ಇದನ್ನು ಬರೆಯಲೋ ಬೇಡವೋ ಎಂದು ಕೇಳಿದೆ.

‘ದಾರಿ ಐತಿ ಅಂದಮ್ಯಾಲೆ ಐತಿ ಅಂತ ಬರೀಬೇಕಲ್ರಿ ಅಕ್ಕಾರ,’ ಎಂದರು ಮೊದಲು. ಆಮೇಲೆ ಲೋಟ ಕೆಳಗಿಟ್ಟು, ‘ಇದನ್ನ ಯಾರು ನೋಡ್ತಾರ್ರಿ?’ ಎಂದು ಕೇಳಿದರು.

‘ಯಾರ ಬೇಕಾದ್ರೂ ನೋಡಬಹುದ್ರಿ ಮಾವಶಿ. ಹೊಸದಾಗಿ ಬಂದವರು ಜಾಸ್ತಿ.’

‘ಹಂಗಾದ್ರ ಬ್ಯಾಡ್ರಿ. ನನಗ ಗೊತ್ತೈತಿ, ಮೊದಲಿನ ಎರಡ ಹಳಿ ಮ್ಯಾಲ ಗಾಡಿ ಸಾವಕಾಶ ಬರ್ತಾವು, ಆಚೀ ಕಡೀ ಎರಡರ ಮ್ಯಾಲ ಫಾಸ್ಟ್ ಬರ್ತಾವು. ಒಂದ ಗಾಡಿ ಹೋತಂದ್ರ ಅದರ ಹಿಂದಿಂದ ಇನ್ನೊಂದು ಕಾಣಸೂದಿಲ್ಲ, ಅದಕ್ಕ ತಡೀಬೇಕು. ಮಳಿಗಾಲದಾಗ ಸಪ್ಪಳ ಕೇಳಸೂದಿಲ್ಲ, ಆಗ ನಾನೂ ಬ್ರಿಜ್ ಮ್ಯಾಲೇ ಹೋಗ್ತೀನಿ. ಇಷ್ಟೆಲ್ಲಾ ಈ ಗೆರಿಯೊಳಗ ಐತೇನ್ರಿ?’

ಇರಲಿಲ್ಲ. ನಾನು ಕಂಡದ್ದು ನೆಲದ ಮೇಲೆ ಸವೆದ ಜಾಡನ್ನು. ಆ ಜಾಡು ಅಲ್ಲಿ ಉಳಿದಿರುವುದಕ್ಕೆ ಕಾರಣವಾದ ತಿಳುವಳಿಕೆಯನ್ನು ಅಲ್ಲ. ಯಾವ ಹೊತ್ತಿಗೆ ದಾಟಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಈ ದಾರಿಯನ್ನೇ ಬಿಡಬೇಕು ಎಂಬುದು ಅವರ ಕಾಲಿನಲ್ಲಿ, ಕಿವಿಯಲ್ಲಿ ಇತ್ತು. ಅಷ್ಟಿದ್ದೂ ಅಲ್ಲಿ ಜನ ಸಾಯುತ್ತಾರೆ. ಅದನ್ನೆಲ್ಲ ಕಳಚಿ ಬರೀ ಗೆರೆಯನ್ನು ಎತ್ತಿ ಅಪರಿಚಿತನ ಕೈಗೆ ಕೊಟ್ಟಿದ್ದೆ. ಸುಳ್ಳು ಹೇಳಿರಲಿಲ್ಲ. ಬೇರೆಯವರು ಜೀವ ತೇಯ್ದು ಗಳಿಸಿದ ಸತ್ಯದಲ್ಲಿ ಅರ್ಧವನ್ನು ಮಾತ್ರ, ಅವರನ್ನು ಕೇಳದೆ, ಹಂಚಿದ್ದೆ. ನಕ್ಷೆ ‘ಇದೆ’ ಎನ್ನುತ್ತದೆ, ಫೋನು ಹಿಡಿದವನಿಗೆ ಅದು ‘ಹೋಗು’ ಎಂದು ಕೇಳಿಸುತ್ತದೆ. ಈ ಎರಡು ಮಾತುಗಳ ನಡುವಿನ ಅಂತರಕ್ಕೆ ಹೊಣೆ ಯಾರು ಎಂಬುದೇ ನನ್ನ ಪ್ರಶ್ನೆಯಾಗಿತ್ತು ಎಂದು ಆಗ ಗೊತ್ತಾಯಿತು.

ಬಳಸುವವನೇ ಹೊಣೆ ಎನ್ನುವುದು ಸುಲಭ. ಆ್ಯಪ್ ಮಾಡಿದವರು ಚೀಟಿಗಳನ್ನು ಸರಿಯಾಗಿ ಓದಬೇಕಿತ್ತು ಎನ್ನುವುದೂ ಸುಲಭ. ಎರಡೂ ಸ್ವಲ್ಪ ಮಟ್ಟಿಗೆ ನಿಜವೇ. ಆದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಬಂದಿರುತ್ತದೆ. ನಾಲ್ಕು ಹಳಿ ದಾಟಲು ಹದಿನೈದು ಸೆಕೆಂಡು ಹಿಡಿದರೆ ಅಷ್ಟರಲ್ಲಿ ಅದು 400 ಮೀಟರಿಗಿಂತ ಹೆಚ್ಚು ಬಂದಾಗಿರುತ್ತದೆ. ಹೊಣೆ ಯಾರದು ಎಂದು ಹಂಚಿಕೊಳ್ಳಲು ಅಲ್ಲಿ ಸಮಯವಿರುವುದಿಲ್ಲ.

ಇಲ್ಲಿ ಮುಂಬೈಯದೇ ಒಂದು ಪ್ರಯೋಗ ನೆನಪಾಯಿತು. ಸುಮಾರು 2009–10ರಲ್ಲಿ ವಡಾಳಾ ನಿಲ್ದಾಣದ ಹತ್ತಿರ, ಜನ ಹಳಿ ದಾಟುವ ಕಡೆ, ಫೈನಲ್‌ಮೈಲ್ ಎಂಬ ಸಂಸ್ಥೆ ಹಳಿಯ ಕೆಳಗಿನ ಸ್ಲೀಪರುಗಳಲ್ಲಿ ಕೆಲವಕ್ಕೆ ಹಳದಿ ಬಣ್ಣ ಬಳಿಸಿತು. ದೊಡ್ಡ ವಸ್ತು ವೇಗವಾಗಿ ಬರುತ್ತಿದ್ದರೂ ನಮ್ಮ ಕಣ್ಣಿಗೆ ನಿಧಾನವೆನಿಸುತ್ತದೆ. ಹಳದಿ ಪಟ್ಟಿಗಳು ಒಂದೊಂದಾಗಿ ರೈಲಿನ ಅಡಿಗೆ ಮಾಯವಾಗುವುದನ್ನು ನೋಡಿದಾಗ ಅದರ ನಿಜವಾದ ವೇಗ ಅರಿವಿಗೆ ಬರುತ್ತದೆ. ರೈಲಿಗೆ ಸಿಲುಕುತ್ತಿರುವ ಮನುಷ್ಯನ ಭಯಭೀತ ಮುಖದ ಚಿತ್ರಗಳನ್ನೂ ಅಲ್ಲಿ ಹಾಕಿದರು. ಅಲ್ಲಿ ಸಾವುಗಳು ಕಡಿಮೆಯಾದವು ಎಂದು ಆಗ ಪತ್ರಿಕೆಗಳಲ್ಲಿ ಬಂತು. ನನ್ನನ್ನು ತಟ್ಟಿದ್ದು ಅವರ ಕ್ರಮ. ಜನ ದಾಟುತ್ತಾರೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ, ದಾಟಿ ಎಂದೂ ಹೇಳಲಿಲ್ಲ. ದಾಟುವವನಿಗೆ ಆ ಕ್ಷಣದಲ್ಲಿ ತಿಳಿದಿರಬೇಕಾದ ಸತ್ಯ ಯಾವುದೋ ಅದನ್ನು, ಅವನ ಕಣ್ಣಿಗೆ ಬೀಳುವ ಕಡೆ ಇಟ್ಟರು.

ಆ ಹಿರಿಯ ಸ್ವಯಂಸೇವಕರಿಗೆ ಮತ್ತೆ ಬರೆದೆ. ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಎರಡೂ ಬದಿಯ ಗಲ್ಲಿಗಳಿಂದ ಗೋಡೆಯವರೆಗಿನ ಜಾಡು ನಕ್ಷೆಯಲ್ಲಿ ಇರುತ್ತದೆ. ಗೋಡೆ ಇರುತ್ತದೆ, ಗೋಡೆಯ ಕಿಂಡಿಗಳೂ ಇರುತ್ತವೆ. ಹಳಿಯ ಮೇಲಿನ ತುಂಡಿಗೆ ಎರಡು ಚೀಟಿ: ಇದು ಯಾರೂ ಕಟ್ಟದ, ನಡೆದು ನಡೆದು ಆದ ದಾರಿ, ಇಲ್ಲಿ ಪ್ರವೇಶಕ್ಕೆ ಅನುಮತಿ ಇಲ್ಲ. ಚೀಟಿಯನ್ನು ಗೌರವಿಸುವ ತಂತ್ರಾಂಶ ಯಾರನ್ನೂ ಇಲ್ಲಿ ಕರೆದೊಯ್ಯುವುದಿಲ್ಲ. ಸೇತುವೆ ಬೇಕೆಂದು ವಾದಿಸುವವರಿಗೆ, ಪೆಟ್ಟಾದವರನ್ನು ಹುಡುಕುವವರಿಗೆ ಆಧಾರ ಸಿಗುತ್ತದೆ. ಇರುವುದನ್ನು ಇದೆ ಎಂದೆವು, ಹೋಗು ಎನ್ನಲಿಲ್ಲ.

ಇದರಿಂದ ಪೂರ್ತಿ ಸಮಾಧಾನವಾಗಿದೆ ಎಂದರೆ ಸುಳ್ಳಾಗುತ್ತದೆ. ಚೀಟಿಯನ್ನು ಓದದ ತಂತ್ರಾಂಶವೂ ಇರುತ್ತದೆ. ಚೀಟಿಯ ಬಣ್ಣ ನೋಡದೆ ಗೆರೆಯನ್ನಷ್ಟೇ ನೋಡುವ ಕಣ್ಣೂ ಇರುತ್ತದೆ. ಅದಕ್ಕಾಗಿ ನಾನು ಮಾಡಬಹುದಾದ ಇನ್ನೊಂದು ಕೆಲಸವನ್ನು ಹಿಡಿದೆ. ಪಾದಚಾರಿ ಸೇತುವೆ ನಕ್ಷೆಯಲ್ಲಿ ಬರೀ ಒಂದು ಗೆರೆಯಾಗಿತ್ತು, ಒಂದು ಬದಿಯಲ್ಲಿ ರಸ್ತೆಗೆ ಸೇರಿಯೂ ಇರಲಿಲ್ಲ. ಹೀಗಿದ್ದರೆ ಯಾವ ಆ್ಯಪಾದರೂ ಅದನ್ನು ಹೇಗೆ ತೋರಿಸೀತು? ನಾಲ್ಕು ಭಾನುವಾರ ಹೋಗಿ ಎರಡೂ ಬದಿಯ ಮೆಟ್ಟಿಲು ಎಣಿಸಿದೆ. ಯಾವ ಬಾಗಿಲು ಯಾವ ಗಲ್ಲಿಗೆ ಇಳಿಯುತ್ತದೆ, ಕೈಹಿಡಿ ಎಲ್ಲಿದೆ, ದೀಪ ಎಲ್ಲಿದೆ, ಲಿಫ್ಟ್ ಅಥವಾ ಇಳಿಜಾರು ಇದೆಯೇ ಎಂದು ಒಂದೊಂದಾಗಿ ಬರೆದೆ. ಅಪಾಯದ ದಾರಿಯ ಬಗ್ಗೆ ಮೂರು ತಿಂಗಳು ತಲೆ ಕೆಡಿಸಿಕೊಂಡ ನಾನು, ಸುರಕ್ಷಿತ ದಾರಿಯನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಗೆರೆ ಎಳೆಯಬೇಕೇ ಬೇಡವೇ ಎಂದು ಕೇಳುತ್ತಿದ್ದಾಗ, ಅದರ ಪಕ್ಕದಲ್ಲಿ ನಾನು ಬರೆಯದೆ ಬಿಟ್ಟದ್ದೇನು ಎಂಬ ಪ್ರಶ್ನೆ ಹೊಳೆದೇ ಇರಲಿಲ್ಲ.

ಹೋದ ವಾರ ಮಾವಶಿ ನೆಲ ಒರೆಸುತ್ತಾ ಕೇಳಿದರು: ‘ಬ್ರಿಜ್ ಬರದ್ರೇನ್ರಿ ಅಕ್ಕಾರ?’

‘ಬರದೀನ್ರಿ. ಈ ಕಡೆ 54 ಮೆಟ್ಟಲಾ, ಆ ಕಡೆ 52.’

‘ಖರೇ ಐತ್ರಿ,’ ಎಂದರು. ‘ಮಣಕಾಲ ನೋವು ಸುರು ಆದಾಗಿಂದ ನಾನೂ ಎಣಿಸೀನಿ. ಲಿಫ್ಟ್?’

‘ಇಲ್ಲ ಅಂತ ಬರದೀನಿ.’

ಅವರು ಬಟ್ಟೆ ಹಿಂಡಿದರು. ‘ಅದನ್ನ ಸ್ವಲ್ಪ ದೊಡ್ಡ ಅಕ್ಷರದಾಗ ಬರೀರಿ,’ ಎಂದರು.